ಬಂಡೆಯ ಮೇಲೆ ಸುರಿದ ಕುಂಚದ ನೀರು

ಯಾವುದನ್ನು ಬರೆಯಲು ಕುಳಿತರೂ ಮೊದಲು ಉಪಕಾರ ಮಾಡಿದವರನ್ನು ನೆನೆಯಬೇಕೆಂದು ನನಗೆ ಅಕ್ಷರ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ಕ್ರಮದಂತೆ ನನ್ನ ಮೊದಲ ನಮಸ್ಕಾರ ಹಿಮಕ್ಕೆ ಸಲ್ಲಬೇಕು. ಎಷ್ಟೋ ಸಾವಿರ ವರ್ಷಗಳ ಹಿಂದೆ ಉತ್ತರದ ಪರ್ವತಗಳ ಕಡೆಯಿಂದ ಬೆಟ್ಟದಷ್ಟು ದಪ್ಪನೆಯ ಹಿಮದ ಹಾಸೊಂದು ತೆವಳುತ್ತ ಬಂದು, ದಾರಿಯಲ್ಲಿ ಸಿಕ್ಕ ಬಂಡೆಗಳನ್ನು ಹೊತ್ತು ತಂದು, ಹವೆ ಬೆಚ್ಚಗಾದ ಮೇಲೆ ತಾನು ಕರಗಿ, ಹೊರೆಯನ್ನು ಮಾತ್ರ ಇದ್ದಲ್ಲಿಯೇ ಇಳಿಸಿ ಹೋಯಿತಂತೆ. ಹಾಗೆ ಇಳಿದ ಬಂಡೆಗಳಲ್ಲೊಂದು ಈ ಪರದೇಶದಲ್ಲಿ, ಶೋರ್‌ಲೈನ್ ಎಂಬ ಊರಿನ ನನ್ನ ಮಗಳ ಮನೆಯ ಹಿತ್ತಲಲ್ಲಿ ಕುಳಿತಿದೆ. ಎರಡನೆಯ ನಮಸ್ಕಾರ ಆ ಬಂಡೆಗೆ. ಮೂರನೆಯದು ನೀರಿಗೆ; ಬಣ್ಣವನ್ನು ಕಾಗದದ ಮೇಲೆ ತಾನೇ ನಡೆಸಿಕೊಂಡು ಹೋಗಿ, ನನ್ನ ಕೈಗೆ ಸಾಲದ ಕೌಶಲವನ್ನು ಅದು ಹಲವು ಸಲ ತುಂಬಿಕೊಟ್ಟಿದೆ. ನಾಲ್ಕನೆಯದು ಪಕ್ಕದ ಮನೆಯ ಎಲೆನ್ ಎಂಬ ಹಿರಿಯಳಿಗೆ. ಶಾಲೆಯಿಂದ ನಿವೃತ್ತಳಾದ ಆಕೆ, ಎಪ್ಪತ್ತು ದಾಟಿದ ಶಿಷ್ಯನೊಬ್ಬನನ್ನು ಗದರದೆ ಸಹಿಸಿಕೊಂಡಿದ್ದಾಳೆ. ಇಷ್ಟು ಋಣವನ್ನು ಒಪ್ಪಿಕೊಂಡ ಮೇಲೆ ನನ್ನ ಸಂಕಟವನ್ನು ಹೇಳಿಕೊಳ್ಳಲು ಅಡ್ಡಿಯಿಲ್ಲವೆಂದು ಭಾವಿಸುತ್ತೇನೆ.

ನಾನು ಗದಗಿನ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದವನು. ನಿವೃತ್ತನಾಗಿ, ಮಗಳು ವೈದೇಹಿಯ ಮನೆಗೆ ಬಂದು ನೆಲೆಸಿದ ಮೇಲೆ, ಬೆಳಗಿನ ಸಂಧ್ಯಾವಂದನೆಗೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ದೊಡ್ಡ ಬಯಲು ಉಳಿಯಿತು. ವೈದೇಹಿ ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ಬೆಳಕು ಹರಿಯುವ ಮೊದಲೇ ಕಾರು ಹತ್ತುತ್ತಾಳೆ. ಅಳಿಯ ಪ್ರಸನ್ನ ತುಸು ಹೊತ್ತಾದ ಮೇಲೆ ರೆಂಟನ್ನಿನ ಆಫೀಸಿಗೆ ಹೊರಡುತ್ತಾನೆ. ಆಮೇಲೆ ಮನೆಯಲ್ಲಿ ನಾನು, ಹಿತ್ತಲಲ್ಲಿ ಬಂಡೆ. ಇಬ್ಬರೂ ಮಾತು ಕಡಿಮೆಯವರಾದ್ದರಿಂದ ಸ್ನೇಹ ಕುದುರಲು ತಡವಾಗಲಿಲ್ಲ. ಒಂದು ದಿನ ಕುಳ್ಳ ಬೇಲಿಯ ಆಚೆಯಿಂದ ಎಲೆನ್ ಅದೇ ಬಂಡೆಯನ್ನು ಜಲವರ್ಣದಲ್ಲಿ ಬಿಡಿಸುತ್ತಿದ್ದುದನ್ನು ಕಂಡೆ. ಈ ಮನೆಯಲ್ಲಿ ಹಿಂದಿದ್ದವರ ಕಾಲದಿಂದಲೂ ಆಕೆ ಅದನ್ನು ಬಿಡಿಸುತ್ತ ಬಂದಿದ್ದಾಳಂತೆ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. ನೀವು ದಿನಾ ಬೆಳಿಗ್ಗೆ ಕಿಟಕಿಯ ಬಳಿ ನಿಂತು ಹೇಳುತ್ತೀರಲ್ಲ, ಅದೂ ನಿತ್ಯ ಒಂದೇ ಅಲ್ಲವೇ ಎಂದು ಆಕೆ ಕೇಳಿದಳು. ನನ್ನ ಗಾಯತ್ರೀ ಜಪ ಬೇಲಿಯ ಆಚೆಗೂ ಕೇಳುತ್ತಿತ್ತೆಂಬುದು ನನಗೆ ಆ ದಿನವೇ ತಿಳಿದದ್ದು. ನಾಚಿಕೆಯಾಯಿತು, ಆ ನಾಚಿಕೆಯಲ್ಲಿ ನನಗೂ ಕಲಿಸಿಕೊಡುತ್ತೀರಾ ಎಂದುಬಿಟ್ಟೆ.

ಜಲವರ್ಣವು ಹೊರಗಿನಿಂದ ನೋಡುವವರಿಗೆ ಮಕ್ಕಳಾಟದಂತೆ ಕಾಣುತ್ತದೆ. ಒಳಹೊಕ್ಕರೆ ಅದರಷ್ಟು ನಿಷ್ಠುರವಾದ ಶಾಸ್ತ್ರ ಇನ್ನೊಂದಿಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನು ಮುಟ್ಟದೆ ಬಿಡಬೇಕು. ಒಮ್ಮೆ ಮುಟ್ಟಿದರೆ ಪ್ರಾಯಶ್ಚಿತ್ತವಿಲ್ಲ. ಇನ್ನು ಬಂಡೆಯ ಬೂದು ಬಣ್ಣವಂತೂ ಯಾವ ಕೊಳವೆಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಸುಟ್ಟ ಮಣ್ಣಿನ ಕೆಂಪನ್ನೂ ಗಾಢವಾದ ನೀಲಿಯನ್ನೂ ಬೆರೆಸಿ, ಎರಡೂ ಒಂದನ್ನೊಂದು ಸೋಲಿಸಿದಾಗ ಉಳಿಯುವುದೇ ಬೂದು ಎಂದು ಎಲೆನ್ ತೋರಿಸಿಕೊಟ್ಟಳು. ನನ್ನ ಕೈಯಲ್ಲಿ ಮಾತ್ರ ಪ್ರತಿಸಲವೂ ಕೆಂಪೇ ಗೆಲ್ಲುತ್ತಿತ್ತು. ನಾನು ಬೆಳೆದದ್ದು ಕೆಂಪು ಕಲ್ಲಿನ ಸೀಮೆಯಲ್ಲಿ. ಅಲ್ಲಿ ಗುಡ್ಡ ಕೆಂಪು, ಗುಡಿ ಕೆಂಪು, ಮಳೆಗಾಲದಲ್ಲಿ ಹಳ್ಳದ ನೀರೂ ಕೆಂಪು. ಕಲ್ಲು ಎಂದು ಮನಸ್ಸು ಹೇಳಿದೊಡನೆ ಕುಂಚ ತಾನಾಗಿ ಕೆಮ್ಮಣ್ಣಿನ ಕಡೆಗೆ ವಾಲುತ್ತಿತ್ತು. ಹಿಮದೇಶದಿಂದ ಬಂದ ಆ ಬೂದು ಬಂಡೆ ನನ್ನ ಕಾಗದದ ಮೇಲೆ ಬಾದಾಮಿಯ ಬೆಟ್ಟದಿಂದ ಉರುಳಿ ಬಿದ್ದಂತೆ ಕಾಣುತ್ತಿತ್ತು. ಎಲೆನ್ ಸಭ್ಯಳು. ನಿಮ್ಮ ಬಂಡೆ ತುಂಬಾ ಬೆಚ್ಚಗಿದೆ ಎಂದಷ್ಟೇ ಹೇಳುತ್ತಿದ್ದಳು. ಬಹುಕಾಲ ನಾನು ಅದನ್ನು ಪ್ರಶಂಸೆಯೆಂದೇ ತಿಳಿದು, ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿಕೊಳ್ಳುತ್ತಿದ್ದೆ.

ಕುಂಚ ತೊಳೆದ ನೀರಿನದೇ ಒಂದು ಸಮಸ್ಯೆಯಾಯಿತು. ಎಲೆನ್ ತನ್ನ ಡಬ್ಬಿಯ ನೀರನ್ನು ದಾರಿಯ ಜಲ್ಲಿಕಲ್ಲಿನ ಮೇಲೆ ಚೆಲ್ಲಿ ಎದ್ದು ಹೋಗುತ್ತಿದ್ದಳು. ನನಗೆ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ಕುಂಚವೂ ಲೇಖನಿಯಂತೆ ಸರಸ್ವತಿಯ ಸಾಧನ. ಅದನ್ನು ತೊಳೆದ ನೀರನ್ನು ತುಳಿಯುವ ದಾರಿಗೆ ಚೆಲ್ಲುವುದು ಹೇಗೆ? ಮೊದಲು ಅಡುಗೆಮನೆಯ ಬಿಳಿಯ ಸಿಂಕಿಗೆ ಸುರಿದೆ. ಅದು ಕಾವಿ ತೊಟ್ಟಿತು; ಸಂಜೆ ವೈದೇಹಿ ಅದನ್ನು ಬಹಳ ಹೊತ್ತು ಉಜ್ಜಿದಳು. ಮರುದಿನದಿಂದ ಟೊಮೇಟೊ ಗಿಡದ ಬುಡಕ್ಕೆ ಸುರಿದೆ. ಈ ಬಣ್ಣಗಳಲ್ಲಿ ಲೋಹದ ವಿಷವಿರುತ್ತದೆ, ಆ ಟೊಮೇಟೊ ನಾಳೆ ನಿಮ್ಮ ಸಾರಿಗೇ ಬರುತ್ತದೆ ಎಂದು ಪ್ರಸನ್ನ ಫೋನಿನಲ್ಲಿ ಹುಡುಕಿ ಓದಿ ಹೇಳಿದ. ತುಳಿಯದ ಜಾಗ, ತಿನ್ನದ ಜಾಗ, ಉಜ್ಜಬೇಕಿಲ್ಲದ ಜಾಗ ಎಂದರೆ ಬಂಡೆಯ ನೆತ್ತಿಯೊಂದೇ ಉಳಿಯಿತು. ಅಲ್ಲಿ ಬೊಗಸೆಯಷ್ಟು ಆಳದ ಒಂದು ಕುಳಿಯಿದೆ. ದಿನದ ಕೆಲಸ ಮುಗಿದ ಮೇಲೆ ಎರಡು ಮೆಟ್ಟಿಲಿನ ಏಣಿಯನ್ನೇರಿ, ಡಬ್ಬಿಯ ನೀರನ್ನು ಆ ಕುಳಿಗೆ ನಿಧಾನವಾಗಿ ಸುರಿಯತೊಡಗಿದೆ. ಏನೂ ಹೇಳದೆ ಸುರಿಯುವುದು ಅಭ್ಯಾಸವಿಲ್ಲದ್ದರಿಂದ ಯಾವುದಾದರೊಂದು ಶ್ಲೋಕವೂ ಜೊತೆಗೆ ಬರುತ್ತಿತ್ತು. ಇದನ್ನೆಲ್ಲ ನಾನು ಸ್ವಚ್ಛತೆಯ ವ್ಯವಸ್ಥೆ ಎಂದೇ ತಿಳಿದಿದ್ದೆ.

ಜುಲೈ ಬಂದಿತೆಂದರೆ ಇಲ್ಲಿನ ಆಕಾಶಕ್ಕೆ ಮಳೆ ಮರೆತೇ ಹೋಗುತ್ತದೆ. ತೊಳೆಯುವವರಿಲ್ಲದೆ ಕುಳಿಯ ಅಂಚಿನಲ್ಲಿ ಕೆಮ್ಮಣ್ಣಿನ ಬಣ್ಣ ಹೆಪ್ಪುಗಟ್ಟಿತು. ತುಂಬಿ ಹರಿದದ್ದು ಬಂಡೆಯ ಹಣೆಯ ಮೇಲಿಂದ ಪಟ್ಟೆಪಟ್ಟೆಯಾಗಿ ಇಳಿಯಿತು, ಅಲ್ಲಲ್ಲಿ ಹಳದಿಯೂ ಸೇರಿಕೊಂಡಿತು. ನಾನು ಅದನ್ನು ಗಮನಿಸಲಿಲ್ಲ. ನನ್ನ ಚಿತ್ರದಲ್ಲಿ ಬಂಡೆ ಮೊದಲಿನಿಂದಲೂ ಕೆಂಪಗೇ ಇತ್ತು. ಈಗ ನಿಜವಾದ ಬಂಡೆಯೇ ಚಿತ್ರವನ್ನು ಹೋಲತೊಡಗಿದಾಗ, ಕೈ ಪಳಗುತ್ತಿದೆ ಎಂದು ಒಳಗೊಳಗೆ ಸಂತೋಷಪಟ್ಟೆ.

ಆ ಸಂತೋಷದ ನಡುವೆಯೇ ವೈದೇಹಿ ವಾಟ್ಸಾಪಿನಲ್ಲಿ ನನಗೊಂದು ಚಿತ್ರ ಕಳಿಸಿದಳು. ನಮ್ಮ ಹಿತ್ತಲು, ಅದರ ತುಂಬ ಮರದ ಹಲಗೆಯ ವಿಶಾಲವಾದ ಜಗಲಿ, ಜಗಲಿಯ ಮೇಲೆ ಕುರ್ಚಿಗಳು, ಹೂಕುಂಡಗಳು. ಇಲ್ಲಿ ಇದನ್ನು ಡೆಕ್ ಎನ್ನುತ್ತಾರೆ. ಚಿತ್ರದಲ್ಲಿ ಎಲ್ಲವೂ ಇತ್ತು, ಬಂಡೆಯಿರಲಿಲ್ಲ. ಸಂಜೆ ಕೇಳಿದೆ.

"ಕಲ್ಲು ಇದ್ರೆ ಡೆಕ್ ಎಲ್ಲಿ ಹಾಕೋದಪ್ಪಾ? ಕಾಂಟ್ರಾಕ್ಟರ್ ಬಂದು ನೋಡ್ಕೊಂಡು ಹೋಗಿದಾರೆ. ಡ್ರಿಲ್ ಮಾಡಿ, ಒಂದು ಪೌಡರ್ ತುಂಬ್ತಾರಂತೆ, ರಾತ್ರಿ ಹೊತ್ತಿಗೆ ತಾನೇ ಕ್ರ್ಯಾಕ್ ಆಗತ್ತಂತೆ. ಸೋಮವಾರ ಬರ್ತಾರೆ."

ಹಿಮದಲ್ಲಿ ಕೂತು ಅಷ್ಟು ದೂರ ಬಂದದ್ದು ಒಂದು ಸೋಮವಾರಕ್ಕೆ ಮುಗಿಯಬೇಕೇ ಎಂದು ಕೇಳಿದೆ. ಅವಳು ನಕ್ಕು, "ಅಪ್ಪಾ, ಅದಕ್ಕೆ ಗೊತ್ತಾಗಲ್ಲ ಬಿಡಿ" ಎಂದಳು. ಬೇಕಿದ್ದರೆ ಅದರ ಒಂದು ತುಂಡನ್ನು ನನಗಾಗಿ ಇಡಿಸುತ್ತಾಳಂತೆ. ಕೋಣೆಯೊಳಗೆ ಬೆಚ್ಚಗೆ ಕೂತು ಬಿಡಿಸಬಹುದಂತೆ. ಮಗಳ ಮನೆ, ಮಗಳ ಹಿತ್ತಲು, ವರ್ಷಗಟ್ಟಲೆ ದುಡಿದ ಮೇಲೆ ಸಂಜೆ ಹೊರಗೆ ಕೂತು ಚಹಾ ಕುಡಿಯುವ ಅವಳ ನ್ಯಾಯವಾದ ಆಸೆ. ಬೆಳಿಗ್ಗೆ ಎಲೆನ್‌ಗೆ ಸುದ್ದಿ ತಿಳಿಸಿದೆ. ಆಕೆ ಕುಂಚವನ್ನು ನೀರಲ್ಲಿ ಅದ್ದಿಟ್ಟಳು. ಆಮೇಲೆ, ಭಾನುವಾರ ನಾನು ಬೇಲಿ ದಾಟಿ ನಿಮ್ಮ ಕಡೆಯಿಂದ ಒಂದು ಚಿತ್ರ ಬಿಡಿಸಬಹುದೇ, ಆ ಮಗ್ಗುಲನ್ನು ನಾನು ಎಂದೂ ಬಿಡಿಸಿಲ್ಲ ಎಂದಳು. ಅಷ್ಟೇ. ಅತ್ತುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಭಾನುವಾರವೇ ಮನೆಗೆ ಊಟಕ್ಕೆ ವಾರಿಜಮ್ಮನವರು ಬಂದರು. ಉಡುಪಿಯ ಕಡೆಯವರು, ಪ್ರಸನ್ನನ ಸಹೋದ್ಯೋಗಿಯ ತಾಯಿ, ರೆಂಟನ್ನಿನಲ್ಲಿ ಮಗನ ಜೊತೆಗಿದ್ದಾರೆ. ಮಗ ಅವರನ್ನು ಇಳಿಸಿ ಎಲ್ಲೋ ಕೆಲಸಕ್ಕೆ ಹೋದ. ನನಗಿಂತ ಹಿರಿಯರು, ನಾಲಿಗೆ ಚುರುಕು. ಪತ್ರೊಡೆ ತಂದಿದ್ದರು, ಈ ದೇಶದಲ್ಲಿ ಕೆಸುವಿನ ಎಲೆ ಎಲ್ಲಿ ಸಿಕ್ಕಿತೆಂದು ವೈದೇಹಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಊಟದ ನಂತರ ಗಾಳಿಗೆಂದು ಹಿತ್ತಲಿಗೆ ಹೋದರು. ಎಲೆನ್ ಅಲ್ಲಿ ಬಂಡೆಗೆ ಎದುರಾಗಿ ಕೂತು ಬಿಡಿಸುತ್ತಿದ್ದಳು. ನಾನು ನನ್ನ ಬೆಳಗಿನ ಕೆಲಸ ಮುಗಿಸಿ, ಡಬ್ಬಿಯ ನೀರನ್ನು ಕುಳಿಗೆ ಸುರಿದು ಬಹಳ ಹೊತ್ತಾಗಿರಲಿಲ್ಲ.

ವಾರಿಜಮ್ಮ ಬಂಡೆಯನ್ನು ನೋಡಿದವರೇ ಚಪ್ಪಲಿ ಕಳಚಿದರು. "ಇದು ಎಷ್ಟು ವರ್ಷದಿಂದ ಉಂಟು ಇಲ್ಲಿ? ನೀವು ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೆ" ಎಂದು ವೈದೇಹಿಯನ್ನು ಆಕ್ಷೇಪಿಸಿದರು. ವೈದೇಹಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಂಚಿನಿಂದ ಇದೆ ಎಂದಳು. ವಾರಿಜಮ್ಮ ಎಲೆನ್‌ಳ ಬೆನ್ನ ಹಿಂದೆ ನಿಂತು ಚಿತ್ರವನ್ನು ನೋಡಿದರು. ಆ ಮಹಾತಾಯಿ, ಕಂಡದ್ದನ್ನು ಕಂಡಂತೆ ಬಿಡಿಸುವ ಪ್ರಾಮಾಣಿಕಳು, ಕೆಂಪು ಪಟ್ಟೆಗಳನ್ನೂ ಹಳದಿಯನ್ನೂ ಒಂದೂ ಬಿಡದೆ ಮೂಡಿಸಿದ್ದಳು. ಬಂಡೆಯೊಳಗಿನ ಕಬ್ಬಿಣದ ಅಂಶ ಈ ಬೇಸಿಗೆಯಲ್ಲಿ ಹೊರಬಂದಿದೆಯೆಂದು ಅವಳ ಎಣಿಕೆ. ವಾರಿಜಮ್ಮ ವೈದೇಹಿಯ ಕಡೆ ತಿರುಗಿ, "ಕಂಡ್ಯಾ? ಅವರಿಗೂ ಕಂಡಿದೆ" ಎಂದರು. ಪ್ರದಕ್ಷಿಣೆ ಬಂದರು. ಸೋಮವಾರ ಇದನ್ನು ಒಡೆಸುವುದಿದೆ ಎಂದು ಪ್ರಸನ್ನ ಬಾಯಿ ತಪ್ಪಿ ಹೇಳಿದ. ಅವರು ಪ್ರದಕ್ಷಿಣೆಯ ಅರ್ಧದಲ್ಲಿ ನಿಂತು ಅವನನ್ನು ನೋಡಿದ ನೋಟಕ್ಕೆ ಅವನು, ಪಾಪ, ಫೋನನ್ನು ಜೇಬಿಗಿಟ್ಟು ನೆಟ್ಟಗೆ ನಿಂತ.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಒಪ್ಪಿಕೊಳ್ಳುತ್ತೇನೆ, ಆ ಕ್ಷಣದಲ್ಲಿ ನನಗೆ ಆದದ್ದು ಆನಂದವೇ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಬಂಡೆ ಉಳಿಯುತ್ತದೆ. ಪ್ರತಿಷ್ಠೆಯಿಲ್ಲದ ಕಲ್ಲಿಗೆ ಪೂಜೆ ಸಲ್ಲದು, ಅದಕ್ಕೆ ವಿಧಿಯುಂಟು, ಮುಹೂರ್ತವುಂಟು ಎಂದು ಮೂರು ದಶಕ ಪಾಠ ಹೇಳಿದ ಬಾಯಿ ಅದು. ಆ ದಿನ ಎಷ್ಟು ಚೆನ್ನಾಗಿ ಮುಚ್ಚಿಕೊಂಡಿತೆಂದರೆ ನನಗೇ ಆಶ್ಚರ್ಯವಾಯಿತು. ಆದರೆ ವಾರಿಜಮ್ಮ ಪ್ರದಕ್ಷಿಣೆ ಮುಗಿಸಿ, ನನ್ನ ಏಣಿಯನ್ನೇ ಏರಿ, ಕುಳಿಯಲ್ಲಿ ನಿಂತ ನೀರನ್ನು ಕಂಡರು. ಅದರಲ್ಲಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡರು. ಬಲಗೈಯನ್ನು ಗೋಕರ್ಣದಂತೆ, ಹಸುವಿನ ಕಿವಿಯ ಆಕಾರಕ್ಕೆ ಬಾಗಿಸಿ ಒಂದು ಉದ್ಧರಣೆಯಷ್ಟು ತೆಗೆದುಕೊಂಡು ತುಟಿಯ ಹತ್ತಿರ ತಂದರು. ಲೋಹದ ವಿಷ ಎಂದು ಪ್ರಸನ್ನ ಓದಿದ್ದು ನನ್ನ ತಲೆಯಲ್ಲಿ ಗಂಟೆಯಂತೆ ಹೊಡೆಯಿತು.

"ಕುಡೀಬೇಡ್ರೀ!" ನಾನು ಓಡಿದೆ, ಈ ವಯಸ್ಸಿನಲ್ಲಿ ಓಡಿದೆ. "ತೀರ್ಥ ಅಲ್ಲ ಅದು, ನಾ ಕುಂಚ ತೊಳೆದ ನೀರು."

ಮಗಳು ಸಿಟ್ಟು ಬಂದಾಗ ಬೆಂಗಳೂರಿನ ಮಾತು ಬಿಟ್ಟು ನಮ್ಮ ಊರಿನ ಮಾತಿಗೆ ಇಳಿಯುತ್ತಾಳೆ. "ಅಪ್ಪಾ, ಏನ್ ನಡಸೀರಿ ನೀವು ಇಲ್ಲೆ?" ಎಂದಳು. ನಾನು ಎಲ್ಲವನ್ನೂ ಹೇಳಿದೆ: ಸಿಂಕು, ಟೊಮೇಟೊ, ಏಣಿ, ಕೆಮ್ಮಣ್ಣು. ಹೇಳುತ್ತ ಹೇಳುತ್ತ ಬಂಡೆಯೊಳಗೆ ಡ್ರಿಲ್ಲು ಇಳಿಯುವ ಸದ್ದು ಕಿವಿಗೆ ಕೇಳಿಸಿತು. ಇನ್ನು ಅದನ್ನು ಕಾಯುವವರು ಯಾರೂ ಇರಲಿಲ್ಲ. ಕಾಯಬಹುದಾಗಿದ್ದ ಒಂದೇ ಸುಳ್ಳನ್ನು ನಾನೇ ಕೈಯಾರೆ ಒರೆಸಿಬಿಟ್ಟಿದ್ದೆ. ಎಲೆನ್‌ಗೆ ವೈದೇಹಿ ಇಂಗ್ಲಿಷಿನಲ್ಲಿ ವಿವರಿಸಿದಳು. ಆಕೆ ತನ್ನ ಚಿತ್ರವನ್ನೂ, ನನ್ನನ್ನೂ, ಬಂಡೆಯನ್ನೂ ನೋಡಿ, ಕಬ್ಬಿಣವಲ್ಲವೇ ಹಾಗಾದರೆ ಎಂದು ಸಣ್ಣಗೆ ಕೇಳಿದಳು.

ವಾರಿಜಮ್ಮ ಕೈಯ ನೀರನ್ನು ಮರಳಿ ಕುಳಿಗೆ ಬಿಟ್ಟು, ಸೆರಗಿಗೆ ಬೆರಳೊರೆಸಿಕೊಂಡು, ಏಣಿಯ ಮೇಲೆ ನಿಂತೇ ನನ್ನ ವಿಚಾರಣೆ ನಡೆಸಿದರು.

"ಅಲ್ಲ ಮಾಸ್ಟ್ರೇ, ಕೊಳೆ ನೀರಾದ್ರೆ ನೆಲಕ್ಕೆ ಚೆಲ್ಲುದಲ್ವಾ? ಇಲ್ಲಿ ಎಂತಕ್ಕೆ ಹಾಕಿದ್ದು?"

ತುಳಿಯಬಾರದಲ್ಲ ಎಂದೆ.

"ಸುಮ್ನೆ ಹಾಕುದಾ, ಎಂತಾದ್ರೂ ಹೇಳಿ ಹಾಕುದಾ?"

ಶ್ಲೋಕ ಬರುತ್ತದೆ ಎಂದು ಒಪ್ಪಿಕೊಂಡೆ.

"ದಿನಾ?"

ದಿನಾ ಎಂದೆ.

"ಮತ್ತೆ ಅಭಿಷೇಕಕ್ಕೆ ಇನ್ನೆಂತ ಬೇಕು ನಿಮಗೆ?"

ನಾನು ಬಿಡಲಿಲ್ಲ. ಸಂಕಲ್ಪವಿಲ್ಲದೆ ಅಭಿಷೇಕವಾಗದು, ಆವಾಹನೆಯಿಲ್ಲದೆ ದೈವ ಸನ್ನಿಧಿ ಬಾರದು ಎಂದು, ಬಂಡೆಯ ವಿರುದ್ಧವೇ ವಕಾಲತ್ತು ವಹಿಸಿದವನಂತೆ, ಒಂದೊಂದಾಗಿ ಪ್ರಮಾಣಗಳನ್ನು ಮುಂದಿಟ್ಟೆ. ಉಳಿಯಬೇಕೆಂದು ನಾನು ಹಂಬಲಿಸಿದ ಕಲ್ಲನ್ನು ನನ್ನ ವಿದ್ಯೆಯೇ ಒಡೆಯುತ್ತಿದೆಯೆಂದು ತಿಳಿದರೂ ನಾಲಿಗೆ ನಿಲ್ಲಲಿಲ್ಲ. ಅಧ್ಯಾಪಕರ ರೋಗ ಅದು. ವಾರಿಜಮ್ಮ ಕೊನೆಯವರೆಗೂ ಕೇಳಿದರು. "ಆಯ್ತು. ಶಾಸ್ತ್ರ ನೀವು ಇಟ್ಕೊಳ್ಳಿ. ನಾನು ಕೈ ಮುಗಿದಾಯ್ತಲ್ಲ, ಅದನ್ನು ವಾಪಸ್ ತಗೊಳ್ಳಿಕ್ಕೆ ಆಗುದಿಲ್ಲ" ಎಂದು ಇಳಿದು ಬಂದು, ಮಜ್ಜಿಗೆ ಕೇಳಿ ಕುಡಿದರು. ಹೊರಡುವಾಗ ಪತ್ರೊಡೆಯ ಕೊನೆಯ ತುಂಡನ್ನು ಎಲೆನ್‌ಗೆ ಕೊಟ್ಟರು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತು.

ಅವರು ಹೋದ ಮೇಲೆ ವೈದೇಹಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ವಿಮಾನದ ರೆಕ್ಕೆಯ ಲೆಕ್ಕ ಹಾಕುವವಳು. ಇಂಥದನ್ನೆಲ್ಲ ನಂಬುವವಳಲ್ಲ, ನಂಬುವುದಿಲ್ಲವೆಂದು ಗಟ್ಟಿಯಾಗಿ ಹೇಳುವಷ್ಟು ಧೈರ್ಯದವಳೂ ಅಲ್ಲ. ನೀವು ಸುಮ್ಮನಿದ್ದಿದ್ದರೆ ನಾನು ನಂಬುತ್ತಿದ್ದೆನೇನೋ ಎಂದಳು. ಹೌದು ಎಂದೆ. ಕಲ್ಲು ಉಳಿಯಲಿ ಎಂದು ಅಷ್ಟು ಆಸೆಯಿದ್ದೂ ಯಾಕೆ ಹೇಳಿದಿರಿ ಎಂದು ಕೇಳಿದಳು. ಆ ಹಿರಿಯ ಹೆಂಗಸು ಬಣ್ಣ ಕುಡಿಯುತ್ತಿದ್ದರಲ್ಲಮ್ಮ ಎಂದೆ. ಅವಳು ಮೊದಲು ನಗಲು ಶುರುಮಾಡಿದಳು, ನಿಲ್ಲಿಸಲಾಗದೆ ಕಣ್ಣೊರೆಸಿಕೊಂಡಳು. ಮರುದಿನ ಬೆಳಿಗ್ಗೆ ಕಂಪ್ರೆಸರಿನೊಡನೆ ಬಂದ ಕಾಂಟ್ರಾಕ್ಟರನಿಗೆ, ಡೆಕ್ಕನ್ನು ಬಂಡೆಯ ಸುತ್ತ ಬಾಗಿಸಿ ಕಟ್ಟಲು ಸಾಧ್ಯವೇ ಎಂದು ಕೇಳಿದಳಂತೆ. ಕಾರಣ ಕೇಳಿದಾಗ, ಮನೆಯ ಹಿರಿಯರೊಬ್ಬರು ಆ ಜಾಗಕ್ಕೆ ಒಗ್ಗಿಕೊಂಡಿದ್ದಾರೆ ಎಂದಳಂತೆ. ಆ ಸಜ್ಜನ, ಹಿರಿಯರೆಂದರೆ ಬಂಡೆಯೋ ಮುದುಕರೋ ಎಂದು ವಿಚಾರಿಸದೆ ಅಳತೆಪಟ್ಟಿ ಬಿಚ್ಚಿದ.

ಅಕ್ಟೋಬರಿನಲ್ಲಿ ಮಳೆ ತನ್ನ ಊರಿಗೆ ಮರಳಿತು. ಒಂದೇ ವಾರದಲ್ಲಿ ಪಟ್ಟೆಗಳೆಲ್ಲ ತೊಳೆದು ಹೋಗಿ ಬಂಡೆ ತನ್ನ ಬೂದು ಬಣ್ಣಕ್ಕೆ ಬಂದಿತು. ಇನ್ನು ಎಲ್ಲರೂ ಮರೆಯುತ್ತಾರೆಂದು ನಾನು ನಿಶ್ಚಿಂತನಾಗಿದ್ದೆ. ಒಂದು ನಸುಕಿನಲ್ಲಿ ಕಿಟಕಿಯಿಂದ ನೋಡುತ್ತೇನೆ, ವೈದೇಹಿ ರೇನ್‌ಕೋಟು ತೊಟ್ಟು, ಬೂಟು ಕಳಚಿ, ಡೆಕ್ಕಿನ ತುದಿಯಿಂದ ಬಗ್ಗಿ ಬಂಡೆಯ ಹಣೆಗೆ ಕುಂಕುಮ ಇಡುತ್ತಿದ್ದಾಳೆ. ಆ ದಿನ ಅವಳ ಗುಂಪಿನ ವಿಮಾನ ಮೊದಲ ಸಲ ಹಾರುವುದಿತ್ತು. ನಾನು ನೋಡಿದ್ದನ್ನು ಹೇಳಲಿಲ್ಲ. ವಿಮಾನ ಹಾರಿತು, ಇಳಿಯಿತು. ಸಂಜೆ ಅವಳು ನನಗೆ ಸಿಹಿ ಕೊಟ್ಟು, ಬಂಡೆಯ ವಿಷಯ ಎತ್ತಲಿಲ್ಲ.

ಹೀಗೆ ಬಂಡೆ ಉಳಿಯಿತು. ನನ್ನ ಸಂಕಟ ಆರಂಭವಾದದ್ದು ಆಮೇಲೆ. ವಾರಿಜಮ್ಮ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಆ ಭಾನುವಾರದ ನಂತರ ಮೊದಲ ಸಲ ಬಂದಾಗ ನಾನು ಬೂಟು ಹಾಕಿಕೊಂಡು, ಕುರ್ಚಿಯಲ್ಲಿ ಕಾಲು ಚಾಚಿ, ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಬಂಡೆಯ ಎತ್ತರ ಅಳೆಯುತ್ತಿದ್ದೆ. ದೇವರಿಗೆ ಕಣ್ಣು ಹೊಡೆಯುವ ಸಂಸ್ಕೃತ ಮಾಸ್ತರನನ್ನು ತಾವು ಇದೇ ಮೊದಲು ಕಂಡದ್ದೆಂದು ಅವರು ಸಾವಕಾಶವಾಗಿ ಹೇಳಿದರು. ಪ್ರತಿಷ್ಠೆಯಾಗಿಲ್ಲ ಎಂಬ ನನ್ನ ವಾದ ಆಗಲೇ ಸೋತಿತ್ತಾದ್ದರಿಂದ ಅದನ್ನು ಮತ್ತೆ ಎತ್ತಲಿಲ್ಲ. ಈಗ ಬೂಟು ಬಿಟ್ಟು, ಒದ್ದೆ ಹಲಗೆಯ ಮೇಲೆ ಮಣೆ ಹಾಕಿ, ಉಣ್ಣೆಯ ಕಾಲುಚೀಲದಲ್ಲಿ ಪದ್ಮಾಸನ ಕೂತು, ಎರಡೂ ಕಣ್ಣು ತೆರೆದು ಬಿಡಿಸುತ್ತೇನೆ. ಕಾಲುಚೀಲ ನೆನೆದು ತೊಪ್ಪೆಯಾಗುತ್ತದೆ. ಅಳತೆ ತಪ್ಪುತ್ತದೆ. ಬೇಲಿಯ ಆಚೆ ಎಲೆನ್ ಬೆಚ್ಚನೆಯ ಬೂಟು ತೊಟ್ಟು, ಆರಾಮಾಗಿ ಒಂದು ಕಣ್ಣು ಮುಚ್ಚುತ್ತಾಳೆ. ಕುಂಚದ ನೀರನ್ನು ಎಲ್ಲಿ ಸುರಿಯಬೇಕೆಂಬುದೂ ತೀರ್ಮಾನವಾಗಿಲ್ಲ; ದೇವರೆಂದು ತಿಳಿದ ಮೇಲೂ ಬಂಡೆಯ ಮೇಲೆ ಕೊಳೆ ನೀರು ಸುರಿಯುವುದು ಅಪಚಾರವೆಂದು ವಾರಿಜಮ್ಮ ಹೇಳಿದ್ದಾರೆ. ಹಳೆಯ ಉಪ್ಪಿನಕಾಯಿ ಭರಣಿಗಳಲ್ಲಿ ತುಂಬಿ ಗ್ಯಾರೇಜಿನಲ್ಲಿ ಜೋಡಿಸಿಟ್ಟಿದ್ದೇನೆ. ಪ್ರಸನ್ನನಿಗೆ ಇನ್ನೂ ಗೊತ್ತಿಲ್ಲ.

ಮೊನ್ನೆ ನನ್ನ ಚಿತ್ರದಲ್ಲಿ ಮೊದಲ ಬಾರಿಗೆ ಬೂದು ಬಣ್ಣ ಸರಿಯಾಗಿ ಕೂಡಿಬಂದಿತು. ಕೆಂಪೂ ನೀಲಿಯೂ ಸಮವಾಗಿ ಸೋತಿದ್ದವು. ಎಲೆನ್ ಬೇಲಿಯ ಮೇಲಿಂದ ಬಾಗಿ ಬಹಳ ಹೊತ್ತು ನೋಡಿ, ಚೆನ್ನಾಗಿದೆ, ಆದರೆ ನಿಮ್ಮ ಹಳೆಯ ಬಂಡೆಗಳ ಬಿಸುಪು ಇದರಲ್ಲಿಲ್ಲ ಎಂದಳು. ಬೆಚ್ಚಗಿದೆ ಎಂದು ಆಕೆ ಅಂದು ಹೇಳುತ್ತಿದ್ದುದು ಪ್ರಶಂಸೆಯೇ ಆಗಿತ್ತೆಂದು ಇಷ್ಟು ತಡವಾಗಿ ತಿಳಿಯಿತು.

ಹೊರೆಯಿಳಿಸಿ ಹೋದ ಹಿಮಕ್ಕೆ ಶಾಂತಿಯಿರಲಿ. ತಂದಲ್ಲಿ ತಾಳ್ಮೆಯಿಂದ ಕುಳಿತ ಬಂಡೆಗೆ ಇನ್ನೂ ಅಷ್ಟೇ ಆಯುಸ್ಸಿರಲಿ. ಎಲೆನ್‌ಳ ಕೈ ನಡುಗದಿರಲಿ. ವಾರಿಜಮ್ಮನವರಿಗೆ ಕೆಸುವಿನ ಎಲೆ ಎಂದೂ ಕಡಿಮೆಯಾಗದಿರಲಿ. ಅಳತೆಪಟ್ಟಿಯನ್ನು ಬಾಗಿಸಲು ಒಪ್ಪಿದ ಕಾಂಟ್ರಾಕ್ಟರನ ಮನೆಯಲ್ಲಿ ಸುಖವಿರಲಿ. ನನ್ನ ಮಗಳ ವಿಮಾನಗಳು ಏರಿದಷ್ಟೇ ಸುಲಭವಾಗಿ ಇಳಿಯಲಿ, ಗ್ಯಾರೇಜಿಗೆ ಹೋದ ದಿನ ಅಳಿಯನಿಗೆ ಸಹನೆ ಇರಲಿ. ನನಗೆ ಹೆಚ್ಚೇನೂ ಬೇಡ. ಒಂದು ಜೊತೆ ಒಣಗಿದ ಕಾಲುಚೀಲ ಸಾಕು.